ಹಿತ್ತಲಿಗೆ ಇಟ್ಟಿಗೆ ಹಾಸಿದ ವರ್ಷ

ಎರಡು ಇಟ್ಟಿಗೆಗಳನ್ನು ಕೈಗೊಂದರಂತೆ ಹಿಡಿದು ಒಂದಕ್ಕೊಂದು ತಾಗಿಸಿದಾಗ ಏಳುವ ಸಪ್ಪಳ ಕಿವಿಗೆ ಬಿದ್ದರೆ ಸಾಕು, ನಾನು ಒಂಬತ್ತು ವರ್ಷದ ಚಂದ್ರಿಯಾಗಿಬಿಡುತ್ತೇನೆ. ಖಾನಾಪುರದ ನನ್ನ ಭಟ್ಟಿಯ ಅಂಗಳದಲ್ಲಿ ಈ ಸಪ್ಪಳ ದಿನಕ್ಕೆ ಎಷ್ಟೋ ಸಲ ಏಳುತ್ತದೆ. ಮನೆ ಕಟ್ಟಿಸುವವರು ಬರುತ್ತಾರೆ, ರಾಶಿಯ ಮೇಲಿಂದ ಎರಡು ಎತ್ತಿಕೊಳ್ಳುತ್ತಾರೆ, ಬಡಿದು ನೋಡಿ ತಿಳಿದವರಂತೆ ತಲೆ ಆಡಿಸುತ್ತಾರೆ. ಮೇಲಿನವನ್ನು ಎತ್ತಬೇಡಿ ಎಂದು ನಾನೇ ಹೇಳುತ್ತೇನೆ. ಮಾರುವವರು ಮೇಲೆ ಒಳ್ಳೆಯದನ್ನೇ ಜೋಡಿಸಿರುತ್ತಾರೆ, ನಾನೂ ಜೋಡಿಸಿರುತ್ತೇನೆ. ರಾಶಿಯ ಹೊಟ್ಟೆಯಿಂದ ಎಳೆಸಿ ನೋಡಿ. ಬಣ್ಣಕ್ಕೆ ಮರುಳಾಗಬೇಡಿ, ಕೆಮ್ಮಣ್ಣಿನ ನೀರು ಬಳಿದರೆ ಹಸಿ ಇಟ್ಟಿಗೆಯೂ ಮದುಮಗಳಂತೆ ಕಾಣುತ್ತದೆ. ಕಿವಿಯನ್ನು ನಂಬಿ. ಸರಿಯಾಗಿ ಬೆಂದದ್ದು ಕಂಚಿನ ತಾಟಿಗೆ ಉಗುರು ತಾಗಿದಂತೆ ಠಣ್ ಎನ್ನುತ್ತದೆ. ಅರೆಬೆಂದದ್ದು ಡಬ್ ಎಂದು ಅಲ್ಲಿಗೇ ಸುಮ್ಮನಾಗುತ್ತದೆ. ಈ ಕಿವಿಯಿಂದಲೇ ನಾನು ಬದುಕಿದೆ, ಗಂಡಸರ ವ್ಯಾಪಾರದಲ್ಲಿ ಹೆಂಗಸಾಗಿ ನಿಂತು ಚೌಕಾಸಿ ಮಾಡಿ ತಲೆ ಎತ್ತಿದೆ. ಇದೇ ಕಿವಿಯಿಂದ ಮಾಡಿದ ಇನ್ನೊಂದು ಕೆಲಸವನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ನೀವು ಆಡಿ ಬೆಳೆದ ಹಿತ್ತಲೂ ಎಲ್ಲೋ ಮಣ್ಣು ಸೇರಿದ್ದರೆ ನಿಮಗೆ ಇದು ಅರ್ಥವಾದೀತು.

ನಮ್ಮ ಮನೆ ಬೆಳಗಾವಿಯ ಹಳೆಯ ಪೇಟೆಯ ಒಂದು ಓಣಿಯಲ್ಲಿತ್ತು. ಬೀದಿಗೆ ಒಂದು ಬಾಗಿಲು, ಒಂದು ಕಿಟಕಿ, ಅಷ್ಟೇ ಅಗಲ. ಒಳಗೆ ಹೋದರೆ ಮಾತ್ರ ಮುಗಿಯದಷ್ಟು ಉದ್ದ. ಮೊದಲ ಕೋಣೆಯಲ್ಲಿ ಅಪ್ಪನ ಬೆಲ್ಲದ ಪೆಂಟಿಗಳು ಇರುತ್ತಿದ್ದವು, ಅದರ ವಾಸನೆ ಗೋಡೆಗಳಿಗೂ ನಮ್ಮ ಕೂದಲಿಗೂ ಹತ್ತಿಕೊಂಡಿತ್ತು. ನಡುಮನೆ, ದೇವರ ಕೋಣೆ, ಹೊಗೆಯ ಅಡುಗೆಮನೆ, ಅದನ್ನು ದಾಟಿದರೆ ಒಮ್ಮೆಲೇ ಬೆಳಕು, ಹಿತ್ತಲು. ಬಾವಿ, ಬಟ್ಟೆ ಒಗೆಯುವ ಕಲ್ಲು, ಒಂದು ಬೇವಿನ ಮರ, ಹಿಂದಿನ ಗೋಡೆಯ ಮೂಲೆಯಲ್ಲಿ ಅಬ್ಬಲಿಗಿಯ ಗಿಡ. ಬೆಳಗಾವಿಯ ಮಳೆ ಒಮ್ಮೆ ಹಿಡಿದರೆ ಬಿಡುವುದಲ್ಲ. ನಾಲ್ಕು ತಿಂಗಳು ಹಿತ್ತಲು ಕೆಂಪು ರಾಡಿಯಾಗಿ, ಬಾವಿಯವರೆಗೆ ಹೋಗಿ ಬರುವುದರೊಳಗೆ ಕಾಲಿಗೆ ಮೊಣಕಾಲುದ್ದ ಕೆಸರಿನ ಬೂಟು ಬಂದಿರುತ್ತಿತ್ತು. ಮನೆಯನ್ನು ಆಳುತ್ತಿದ್ದವಳು ಅಪ್ಪನ ತಾಯಿ. ನಾವು ಅವಳನ್ನು ಆಯಿ ಎನ್ನುತ್ತಿದ್ದೆವು. ಸಣ್ಣ ಮೈ, ದೊಡ್ಡ ಕೀಲಿಕೈ ಗೊಂಚಲು, ಯಾರ ಮೇಲೂ ದನಿ ಎತ್ತದ ಮಾತು. ದನಿ ಎತ್ತುವವರಿಗೆ ಹೆದರುವ ಕಾರಣವಿಲ್ಲ ಎಂದು ನಾನು ಕಲಿತದ್ದು ಅವಳಿಂದ.

ಅವ್ವ ಖಾನಾಪುರದವಳು. ನನ್ನ ಬೆನ್ನಿಗೆ ಎಂಟು ವರ್ಷ ಕೂಸಿಲ್ಲದೆ, ಊರಲ್ಲಿ ಕಾಂಗ್ರೆಸ್ ಅಧಿವೇಶನ ನಡೆದ ಮರುವರ್ಷ ದೀಪಾವಳಿಯ ಮುಂದೆ ಅವಳಿಗೆ ಗಂಡು ಹುಟ್ಟಿತು. ಹನ್ನೊಂದು ದಿನ ಬದುಕಿತ್ತು. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡಬೇಕು ಎಂದು ಅರಿಷಿಣ ಕುಟ್ಟಿಟ್ಟಿದ್ದರು. ಹೆಸರಿಡದ ಕೂಸನ್ನು ಊರ ಹೊರಗೆ ಒಯ್ಯುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಮತ್ತೆ ಅದೇ ಹೊಟ್ಟೆಗೆ ಬರಲಿ ಎಂದು ಹಿತ್ತಲಲ್ಲೇ ಹೂಳುತ್ತಿದ್ದರು. ಅಬ್ಬಲಿಗಿಯ ಬುಡದಲ್ಲಿ ಇಟ್ಟರು. ಅವ್ವನಿಗೆ ಹಾಲು ಬತ್ತಿರಲಿಲ್ಲ. ದಿನಾ ಬೆಳಿಗ್ಗೆ ಹಿಂಡಿ, ಕೂಸಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆಯಲ್ಲಿ ಹಿಡಿದು, ಗಿಡದ ಬುಡಕ್ಕೆ ಹನಿಹನಿಯಾಗಿ ಬಿಡುತ್ತಿದ್ದಳು, ಗಂಟಲಿಗೆ ಸಿಕ್ಕೀತು ಎಂಬಂತೆ. ಹಾಲು ನಿಂತ ಮೇಲೂ ಬಿಡಲಿಲ್ಲ. ಎಮ್ಮೆಯ ಹಾಲು ತಂದಳು. ಬಿಟ್ಟು, ಅಲ್ಲೇ ಸ್ವಲ್ಪ ಹೊತ್ತು ಕೂತು, ಸೆರಗು ಝಾಡಿಸಿ ಎದ್ದು ಬಂದು ಒಲೆ ಹೊತ್ತಿಸುತ್ತಿದ್ದಳು. ಅತ್ತದ್ದನ್ನು ನಾನು ನೋಡಿಲ್ಲ.

ಆಯಿ ನೋಡುತ್ತಿದ್ದಳು. ಸಂಕ್ರಾಂತಿ ದಾಟಿದ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹೇಳಿದಳು, "ನೀ ಹಿಂಗ ಹಿಡಕೊಂಡ ಕುಂತರ ಅದು ಹೊಳ್ಳಿ ಹ್ಯಾಂಗ ಬರತೈತಿ? ಮಣ್ಣಿಗೆ ಹಾಲು ಹಾಕಿದರ ಮಣ್ಣ ಬಸರಾಗತೈತಿ, ನೀ ಆಗೂದಿಲ್ಲ." ಅವ್ವ ಒಲೆ ಊದುತ್ತಲೇ ಇದ್ದಳು. ಅದಾಗಿ ಎಂಟು ದಿನಕ್ಕೆ ಅಪ್ಪ ಊಟ ಮಾಡುತ್ತ, ಈ ಸಲ ಮಳೆಗಾಲಕ್ಕೆ ಮೊದಲು ಹಿತ್ತಲಿಗೆ ಇಟ್ಟಿಗೆ ಹಾಸಿಸಬೇಕು, ನಾಲ್ಕು ಮಂದಿ ಬಂದರೆ ಕೂಡ್ರಿಸಲು ಜಾಗ ಬೇಕು ಎಂದ. ಅವ್ವನ ಅಣ್ಣ ಬಸುಮಾಮಾನದು ಖಾನಾಪುರದಲ್ಲಿ ಮಲಪ್ರಭೆಯ ದಂಡೆಗೆ ಇಟ್ಟಿಗೆ ಭಟ್ಟಿ. "ಭಟ್ಟಿ ಮನ್ಯಾಗ ಇಟಗೊಂಡು ಹೊರಗ ಕೇಳೂದೇನು? ನಿಮ್ಮಣ್ಣಗ ಹೇಳು, ತವರಿನ ಆಹೇರಿ, ಕಾಣಿಕಿ ಅಂತ ತಿಳಕೊಂಡು ಕೊಡಲಿ," ಎಂದ. ಅವ್ವ ಬಡಿಸುವ ಸೌಟನ್ನು ಹಿಡಿದುಕೊಂಡೇ ಕೇಳಿದಳು, "ಆ ಮೂಲಿ?" ಅಪ್ಪ ತಾಟಿನಿಂದ ಮುಖ ಎತ್ತದೆ, "ಆ ಮೂಲಿ ಬಿಡೂಣು," ಎಂದ. ಅಷ್ಟಕ್ಕೇ ಅವ್ವ ಒಪ್ಪಿದಳು. ನನ್ನ ಅನುಭವದ ಮಾತು ಕೇಳುವುದಾದರೆ, ನಿಮ್ಮ ಮುಖ ನೋಡದೆ ಹೂಂ ಎನ್ನುವವರ ಜೊತೆ ವ್ಯವಹಾರ ಕುದುರಿತು ಎಂದು ಏಳಬೇಡಿ; ಮುಖ ಎತ್ತುವ ತನಕ ಕೂತಿರಿ. ಅವ್ವನಿಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ.

ಅಪ್ಪನ ಜೊತೆ ನಾನೂ ರೈಲಿನಲ್ಲಿ ಖಾನಾಪುರಕ್ಕೆ ಹೋದೆ. ಭಟ್ಟಿ ಆರಿಸಿ ಎರಡು ದಿನವಾಗಿತ್ತು. ಹೊಳೆಯ ಗಾಳಿಯಲ್ಲಿ ಬೂದಿಯ ವಾಸನೆ, ಒಳಗಿನ ಸಾಲುಗಳು ಇನ್ನೂ ಬಿಸಿ. ಬಸುಮಾಮಾ ಒಂದೊಂದನ್ನೇ ತೆಗೆದು ನೀರು ಚಿಮುಕಿಸಿದರೆ ಚುಂಯ್ ಎಂದು ಹೊಗೆ ಎದ್ದು, ಮೊದಲ ಮಳೆಯ ವಾಸನೆಗಿಂತ ಖಾರವಾದ ಒಂದು ವಾಸನೆ ಬರುತ್ತಿತ್ತು. ಅವನು ನನ್ನ ಕೈಗೆ ಎರಡು ಇಟ್ಟಿಗೆ ಕೊಟ್ಟು, "ಬಡದು ನೋಡು ಚಂದ್ರಿ, ಏನ ಅಂತಾವ?" ಎಂದ. ನಾನು ಬಡಿದೆ. "ಇನ್ನ ಇದನ್ನ ಬಡಿ." ಬಡಿದೆ. ಹತ್ತು ಜೋಡಿ ಆಗುವುದರೊಳಗೆ ನಾನು ಅವನು ಕೇಳುವ ಮೊದಲೇ ಹಸಿಯದನ್ನು ಬಲಕ್ಕೆ, ಬೆಂದದ್ದನ್ನು ಎಡಕ್ಕೆ ಇಡುತ್ತಿದ್ದೆ. ಅಲ್ಲಿ ಮಣ್ಣು ತುಳಿಯುತ್ತಿದ್ದ ಮರಾಠಿ ಮುದುಕಿ ಸೊಂಟಕ್ಕೆ ಕೈಯಿಟ್ಟು ನಕ್ಕಳು. ಮಾಮಾ ಅಪ್ಪನಿಗೆ, "ಭಾವಾರ, ನನ್ನ ತಂಗಿ ಮಳಿಗಾಲದಾಗ ಜಾರಿ ಬೀಳಬಾರದು ನೋಡ್ರಿ, ಅದಕ್ಕ ಛಲೋವನ್ನ ಆರಿಸಿ ಹಾಕೇನಿ. ಒಂದೂ ಪೊಳ್ಳ ಬರೂದಿಲ್ಲ," ಎಂದ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, "ಪೊಳ್ಳ ಬಂದರ ನಮ್ಮ ಚಂದ್ರಿ ಹಿಡೀತಾಳ," ಎಂದ. ಅದಕ್ಕೂ ಮೊದಲು ಅಪ್ಪ ನನ್ನ ತಲೆ ಮುಟ್ಟಿದ್ದು ನನಗೆ ನೆನಪಿಲ್ಲ. ಹಿಂತಿರುಗುವಾಗ ರೈಲಿನಲ್ಲಿ ಕಿಟಕಿಯ ಹಲಗೆ, ಬೆಂಚು, ನೀರಿನ ಚೊಂಬು, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದು ಕಿವಿಗೊಟ್ಟು ಕೇಳಿದೆ.

ಇಟ್ಟಿಗೆ ಚಕ್ಕಡಿಗಳಲ್ಲಿ ಬಂತು. ಹಾಸಲು ಬಂದವನು ಇಮಾಮಸಾಬ ಎಂಬ ಗೌಂಡಿ, ಬಿಳಿ ಗಡ್ಡದ, ಕಡಿಮೆ ಮಾತಿನ ಮನುಷ್ಯ. ನಾನು ಎಷ್ಟೋ ಗೌಂಡಿಗಳನ್ನು ಕಂಡಿದ್ದೇನೆ, ಅವನಂಥ ಕೈ ಕಂಡಿಲ್ಲ. ಮೊಳದಾಳ ಮಣ್ಣು ತೆಗೆಸಿದ, ಬೇರು ಕಲ್ಲು ಆರಿಸಿದ, ನೀರು ಬಿಟ್ಟು ಧಮ್ಮಸ್ಸಿನಿಂದ ನೆಲ ಬಡಿಸಿದ, ಹೊಳೆಯ ಉಸುಕು ಜರಡಿ ಹಿಡಿದು ನಾಲ್ಕು ಬೆರಳು ಹರವಿದ. ಮನೆಯ ಕಡೆಯೂ ಹಿಂದಿನ ಗೋಡೆಯ ಮೂಲೆಯ ಕಡೆಯೂ ಎತ್ತರ, ಬಾವಿಯ ಆಚೆಗಿನ ಮೋರಿಯ ಕಡೆ ಇಳಿಜಾರು, ದಾರ ಹಿಡಿದು ನೋಡಿದರೂ ಕಣ್ಣಿಗೆ ಕಾಣದಷ್ಟು. ನೀವು ಹಾಸಿಸುವುದಾದರೆ ಈ ಇಳಿಜಾರನ್ನು ಮರೆಯಬೇಡಿ, ಮರೆತರೆ ನೀರು ಮನೆಯೊಳಗೇ ಬಂದು ಕೂಡ್ರುತ್ತದೆ. ಅಂಚಿನ ಸಾಲನ್ನು ಮಾತ್ರ ನಿಲ್ಲಿಸಿ ಸುಣ್ಣದ ಗಚ್ಚಿನಲ್ಲಿ ಕಟ್ಟಬೇಕು, ಒಳಗಿನದೆಲ್ಲ ಬರೀ ಉಸುಕಿನ ಮೇಲೆ, ಚಾಪೆಯ ಹೆಣಿಕೆಯಂತೆ ಒಂದು ಉದ್ದ ಒಂದು ಅಡ್ಡ. ಅಂಚು ಗಟ್ಟಿ ಇದ್ದರೆ ಒಳಗಿನದು ನೂರು ವರ್ಷ ಅಲ್ಲಾಡುವುದಿಲ್ಲ. ಗಚ್ಚಿಗೆ ಹಾಕುವ ಇಟ್ಟಿಗೆಗಳನ್ನು ನೀರಲ್ಲಿ ನೆನೆಸಿ ಕೊಡುವ ಕೆಲಸ ಅವ್ವನದು. ಅವಳು ಬಾವಿಯಿಂದ ಸೇದಿ ಸೇದಿ ನೆನೆಸಿ, ತನ್ನ ಅಣ್ಣನ ಇಟ್ಟಿಗೆಗಳನ್ನು ಒಂದೊಂದಾಗಿ ಕೈಗೆತ್ತಿ ಕೊಡುತ್ತಿದ್ದಳು.

ಆರನೆಯ ದಿನ ಹಾಸು ಮೂಲೆಯ ಹತ್ತಿರ ಬಂತು. ಆಯಿ ಬಂದಳು, ಬಗ್ಗಿದಳು, ಅಬ್ಬಲಿಗಿಯನ್ನು ಬುಡಸಮೇತ ಕಿತ್ತು ಗೋಡೆಯಾಚೆ ಒಗೆದಳು. "ಇಷ್ಟೂ ಹಾಸಿ ಒಂದ ಮೂಲಿ ಬಿಟ್ಟರ ಹಲ್ಲ ಬಿದ್ದ ಬಾಯಿ ಕಂಡಂಗ ಕಾಣತೈತಿ. ಇಮಾಮಸಾಬ, ಮುಚ್ಚು," ಎಂದಳು. ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪ ದಾರದ ಮಟ್ಟ ನೋಡುತ್ತಿದ್ದ. ಇಮಾಮಸಾಬ ಧಮ್ಮಸ್ಸು ಎತ್ತಿದ. ಅವ್ವ ಹೋಗಿ ಆ ಜಾಗದ ಮೇಲೆ ನಿಂತಳು. ಮುದುಕ ಅವಳ ಪಾದ ನೋಡಿದ, ನೆಲ ನೋಡಿದ, ಧಮ್ಮಸ್ಸನ್ನು ಮೆಲ್ಲಗೆ ಕೆಳಗಿಟ್ಟ. "ಸರೀರಿ ಅಕ್ಕಾರ. ಇಲ್ಲಿ ಬಡಿಯೂದು ಬ್ಯಾಡ. ಉಸುಕ ಹಾಕಿ ಮುಚ್ಚತೇನಿ," ಎಂದ. ಆಯಿಯೂ ಅಪ್ಪನೂ ಒಳಗೆ ಹೋದ ಮೇಲೆ ಅವನು ಅಲ್ಲಿ ಎಷ್ಟೋ ಹೊತ್ತು ಬೆನ್ನು ತಿರುಗಿಸಿ ಕೆಲಸ ಮಾಡಿದ್ದು ನನಗೆ ಕಂಡಿತ್ತು. ಏನು ಮಾಡಿದ ಎಂದು ಕಾಣಲಿಲ್ಲ.

ಕೆಲಸ ಮುಗಿದು ಎಂಟು ದಿನ ಹಾಸು ಕುಳಿತುಕೊಳ್ಳಲಿ ಎಂದು ಬಿಟ್ಟರು. ಒಂಬತ್ತನೆಯ ದಿನ ಗೌಂಡಿಗೆ ವೀಳ್ಯ ಕೊಟ್ಟು ಧೋತರ ಉಡಿಸುವ ಪದ್ಧತಿ. ಅದಕ್ಕೆ ಮೊದಲು ಮನೆಯವರು ಒಂದೊಂದು ಇಟ್ಟಿಗೆಯನ್ನೂ ಬಡಿದು ನೋಡಬೇಕು. ಪೇಟೆಯ ಇಬ್ಬರು ಹಿರಿಯರು ಬಂದು ಬೇವಿನ ಕೆಳಗೆ ಕೂತಿದ್ದರು. ಅಪ್ಪ ಲಟ್ಟಣಿಗೆಯನ್ನು ತರಿಸಿ ನನ್ನ ಕೈಗೆ ಕೊಟ್ಟ. "ನಮ್ಮ ಚಂದ್ರಿ ಕಿವಿ ನೋಡ್ರಿ," ಎಂದು ಅವರಿಗೆ ಹೇಳಿದ. ನಾನು ಮನೆಯ ಕಡೆಯಿಂದ ಶುರು ಮಾಡಿದೆ, ಮೊಣಕಾಲ ಮೇಲೆ ಸರಿಯುತ್ತ, ಸಾಲು ಹಿಡಿದು, ಟಕ್ ಟಕ್ ಎಂದು. ಎಲ್ಲವೂ ಗಟ್ಟಿ. ಹಿರಿಯರಲ್ಲಿ ಒಬ್ಬ, "ಇಕಿನ್ನ ನನ್ನ ಅಂಗಡಿಗೆ ತೆಂಗಿನಕಾಯಿ ಆರಿಸಾಕ ಕೊಡ್ರೀ," ಎಂದು ನಗಿಸಿದ. ನನಗೆ ಒಳಗೊಳಗೇ ನಿರಾಸೆ: ಒಂದಾದರೂ ಸಿಗಬಾರದೆ ಎಂದು. ಗೋಡೆಯ ಮೂಲೆಗೆ ಬಂದೆ. ಟಕ್, ಟಕ್, ಡಬ್.

ಮತ್ತೊಮ್ಮೆ ಬಡಿದೆ. ಡಬ್. ತಲೆ ಎತ್ತಿ, ಗೆದ್ದವಳಂತೆ ಕೂಗಿದೆ, "ಅಪ್ಪಾ, ಇದು ಪೊಳ್ಳ ಐತಿ!"

ಬಾವಿಯ ಹತ್ತಿರ ಅವ್ವನ ಕೈಯಲ್ಲಿ ಹಗ್ಗ ನಿಂತಿತು. ಇಮಾಮಸಾಬ ಎರಡು ಹೆಜ್ಜೆ ಮುಂದೆ ಬಂದು ನಕ್ಕಂತೆ ಮಾಡಿದ. "ಅದು ಬೇಕಂತ ಸಡ್ಲ ಬಿಟ್ಟೇನ್ರಿ ಸಾವಕಾರ್ರ. ಮಳಿ ನೀರ ಇಳ್ಯಾಕ." ಅಪ್ಪ ತಲೆಯಾಡಿಸಿದ. ಅಲ್ಲಿಗೆ ಮುಗಿಯುತ್ತಿತ್ತು. ಮುದುಕ ನನ್ನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಏನೋ ಕೇಳುತ್ತಿದ್ದ. ನಾನು ಆರು ದಿನ ಅವನ ಹಿಂದೆ ಹಿಂದೆ ತಿರುಗಿ ಕಲಿತದ್ದನ್ನೆಲ್ಲ ತೋರಿಸುವ ಹೊತ್ತು ಅದು ಎಂದುಕೊಂಡೆ. "ಸುಳ್ಳ! ಇಳುಕಲು ಬಾವಿ ಕಡೆ ಐತಿ. ಈ ಮೂಲಿ ಎತ್ತರ. ಇಲ್ಲಿ ನೀರ ಬರೂದ ಇಲ್ಲ, ಇಳಿಯೂದೆಲ್ಲಿಂದ?" ಎಂದೆ. ಹಿರಿಯರು ವಾಹ್ ಎಂದರು. ಅಪ್ಪ ಬಂದು ಬೆರಳು ತೂರಿಸಿ ಇಟ್ಟಿಗೆ ಎತ್ತಿದ. ಅದು ಸಲೀಸಾಗಿ ಬಂತು, ದಿನಾ ಎತ್ತಿದ ಇಟ್ಟಿಗೆಯಂತೆ. ಕೆಳಗೆ ಗೇಣುದ್ದದ ಗೂಡು. ನಯವಾಗಿ ಉಸುಕು ಸವರಿದ ಅದರ ತಳದಲ್ಲಿ ಬೆಳ್ಳಿಯ ಒಳಲೆ. ಅದರಲ್ಲಿ ಆ ಬೆಳಗಿನ ಹಾಲು ಇನ್ನೂ ಸ್ವಲ್ಪ ಇತ್ತು, ಅದಕ್ಕೆ ಇರುವೆ ಮುತ್ತಿದ್ದವು.

ಆಯಿ ಬಂದು ಒಳಲೆಯನ್ನು ಎತ್ತಿಕೊಂಡಳು. ಇರುವೆಗಳನ್ನು ಊದಿದಳು, ಸೆರಗಿನಿಂದ ಒರೆಸಿದಳು, ಬೆಳಕಿಗೆ ಹಿಡಿದು ನೋಡಿದಳು. "ಬೆಳ್ಳಿ ವಸ್ತು ಮಣ್ಣಾಗ ಇಡತಾರೇನು? ಮುಂದ ಬರೂ ಕೂಸಿಗೆ ಬೇಕಾಗತೈತಿ," ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಪ್ಪ ಇಮಾಮಸಾಬನಿಗೆ, ಗೂಡಿಗೆ ಸುಣ್ಣ ತುಂಬಿ ಧಮ್ಮಸ್ಸಿನಿಂದ ಬಡಿ ಎಂದ. ಮುದುಕ ಕರಣಿಯನ್ನು ನೆಲದ ಮೇಲಿಟ್ಟ. "ನನ್ನ ಕೈಲೆ ಆಗೂದಿಲ್ರಿ," ಎಂದವನೇ, ಧೋತರಕ್ಕೂ ವೀಳ್ಯಕ್ಕೂ ನಿಲ್ಲದೆ ಅಡುಗೆಮನೆ ನಡುಮನೆ ದಾಟಿ ಹೊರಟುಹೋದ. ಅಂಚು ಕಟ್ಟಿ ಉಳಿದಿದ್ದ ಸುಟ್ಟ ಸುಣ್ಣದ ಹರಳುಗಳನ್ನು ಅಪ್ಪನೇ ಸುರಿದ, ಆಯಿ ನೀರು ಹಾಕಿದಳು. ಸುಣ್ಣ ಬುಳುಬುಳು ಕುದಿಯಿತು, ಬಿಸಿ ಹಬೆ ಎದ್ದಿತು, ಇರುವೆಗಳು ಅಂಚಿಗೆ ಹತ್ತಲು ನೋಡಿ ಒಳಗೇ ಬಿದ್ದವು. ಅವ್ವ ನಿಂತಲ್ಲೇ ನಿಂತು ಅದು ಕುದ್ದು ಸುಮ್ಮನಾಗುವ ತನಕ ನೋಡಿದಳು, ಆಮೇಲೆ ಕೊಡವನ್ನು ಮೇಲಕ್ಕೆ ಸೇದಿದಳು. ಧಮ್ಮಸ್ಸು ಬಡಿದು, ಇಟ್ಟಿಗೆ ಕೂಡ್ರಿಸಿ, ಅಪ್ಪ ನನಗೆ, "ಈಗ ನೋಡು," ಎಂದ. ನಾನು ಬಡಿದೆ. ಠಣ್. ಅಪ್ಪ ನನ್ನ ಬಾಯಿಗೆ ಪೇಢೆ ಇಟ್ಟು, "ನೀ ಗಂಡಾಗಿ ಹುಟ್ಟಬೇಕಾಗಿತ್ತು," ಎಂದ. ಅದು ಎಷ್ಟು ಸಿಹಿಯಾಗಿತ್ತು ಎಂದು ಹೇಳದಿದ್ದರೆ ನಾನು ಸುಳ್ಳು ಬರೆದಂತಾದೀತು.

ಸಂಜೆ ಅವ್ವ ಎಂದಿನಂತೆ ನನ್ನ ತಲೆ ಬಾಚಿದಳು. ಎಳೆಯಲಿಲ್ಲ, ಜಗ್ಗಲಿಲ್ಲ. ಹೆಣೆದು ಮುಗಿಸಿ, ಬಾಚಣಿಕೆಯ ಕೂದಲನ್ನು ಬೆರಳಿಗೆ ಸುತ್ತುತ್ತ ಕೂತಳು. ನಾನು ಮಾಡಿದ್ದು ಏನೆಂದು ಆಗಲೂ ನನಗೆ ತಿಳಿದಿರಲಿಲ್ಲ ಎಂದು ಹೇಳಿದರೆ ನೀವು ನಂಬಬಹುದು, ನಾನು ನಂಬುವುದಿಲ್ಲ. ಒಳಲೆ ಕಂಡ ಗಳಿಗೆಗೇ ನನಗೆ ತಿಳಿದಿತ್ತು. ಪೇಢೆ ಅದರ ನಂತರ ತಿಂದದ್ದು.

ನಾಲ್ಕು ಮಂದಿಯನ್ನು ಕೂಡ್ರಿಸುವ ಜಾಗ ಎಂದರೆ ಏನು ಎಂಬುದು ವೈಶಾಖದಲ್ಲಿ ಗೊತ್ತಾಯಿತು. ಹಿತ್ತಲಿಗೆ ಹಂದರ ಹಾಕಿದರು. ಅಪ್ಪನಿಗೆ ಎರಡನೆಯ ಲಗ್ನ. ಹುಡುಗಿ ನನಗಿಂತ ಆರೇಳು ವರ್ಷ ದೊಡ್ಡವಳು. ಹೊಸ ಇಟ್ಟಿಗೆಯ ಮೇಲೆ ಎರಡು ಸಾಲು ಪಂಕ್ತಿ ಕೂತಿತ್ತು, ಅವ್ವ ತುಪ್ಪ ಬಡಿಸುತ್ತಿದ್ದಳು. ಬಸುಮಾಮಾನಿಗೆ ಇವರು ಯಾಕೆಂದು ತಿಳಿಸದೆ, ಮನೆಯಲ್ಲಿ ಕಾರ್ಯವಿದೆ ಬಾ ಎಂದಷ್ಟೇ ಹೇಳಿ ಕಳಿಸಿದ್ದರು. ಅವನು ತಂಗಿಗೆ ಸೀರೆ ಹಿಡಿದು ಬಂದ, ಅಡುಗೆಮನೆ ದಾಟಿದ, ಹಿತ್ತಲ ಬಾಗಿಲಲ್ಲಿ ನಿಂತ. ಬಾಸಿಂಗ ಕಟ್ಟಿದ ಅಪ್ಪ ಕೂತಲ್ಲಿಂದಲೇ, "ಬರ್ರಿ, ಕುಂದರ್ರಿ. ನಿಮ್ಮ ಇಟ್ಟಂಗಿ ಭಾಳ ಛಲೋ ಕುಂತಾವ," ಎಂದ. ಮಾಮಾ ತನ್ನ ಕಾಲ ಕೆಳಗೆ ನೋಡಿಕೊಂಡ. ಆಮೇಲೆ ಚಪ್ಪಲಿ ಮೆಟ್ಟಿಕೊಂಡೇ ಪಂಕ್ತಿಯ ನಡುವೆ ನಡೆದು ಹೋಗಿ, ಅವ್ವನ ಕೈಯಿಂದ ತುಪ್ಪದ ಗಿಂಡಿ ತೆಗೆದು ಕೆಳಗಿಟ್ಟು, "ನಡಿ," ಎಂದ. ಆಯಿ ತಡೆಯಲಿಲ್ಲ. "ಹುಡಿಗಿನ್ನ ಬಿಟ್ಟ ಹೋಗು. ಚುರುಕ ಅದಾಳ," ಎಂದಳು, ಅಷ್ಟೇ. ಅವ್ವ ನನ್ನ ಕೈ ಹಿಡಿದಳು. "ಬಿಡೂದಿಲ್ರಿ ಅತ್ತಿ. ಇಕಿನ್ನ ಬಿಟ್ಟರ ಈ ಮನ್ಯಾಗ ಮತ್ತೇನ ಹುಡುಕಿ ಕೊಡತಾಳೋ," ಎಂದಳು. ನಲವತ್ತು ವರ್ಷ ನನಗೆ ಅನ್ನ ಹಾಕಿದ ಅವ್ವ ಆ ವಿಷಯ ಎತ್ತಿದ್ದು ಅದೊಂದೇ ಸಲ, ಕೊನೆಯ ಸಲವೊಂದನ್ನು ಬಿಟ್ಟರೆ.

ಖಾನಾಪುರದ ಭಟ್ಟಿಯಲ್ಲಿ ನಾನು ಬೆಳೆದೆ. ಮಾಮಾನಿಗೆ ಮಕ್ಕಳಿರಲಿಲ್ಲ, ಅವನ ಕೈಕಾಲು ನಿಂತ ಮೇಲೆ ನಾನೇ ನಿಂತು ನಡೆಸಿದೆ. ಅವ್ವ ಭಟ್ಟಿಯ ಕಡೆ ಬರುತ್ತಿರಲಿಲ್ಲ. ಗಿರಾಕಿಗಳು ಇಟ್ಟಿಗೆ ಬಡಿಯುವ ಸಪ್ಪಳ ಕೇಳಿದರೆ ಮನೆಯ ಕಿಟಕಿ ಹಾಕಿಕೊಳ್ಳುತ್ತಿದ್ದಳು. ಅವಳು ಹಾಸಿಗೆ ಹಿಡಿದ ವರ್ಷ, ಬೆಳಗಾವಿಯ ಆ ಮನೆಯನ್ನು ಅಪ್ಪನ ಎರಡನೆಯ ಹೆಂಡತಿಯ ಮಗ ಕೆಡವುತ್ತಾನೆ ಎಂಬ ಸುದ್ದಿ ಬಂತು. ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಲ್ಲಿಂದ, "ಒಮ್ಮಿ ಹೋಗಿ ನೋಡಿ ಬಾ," ಎಂದಳು. ಏನನ್ನು ಎಂದು ಹೇಳಲಿಲ್ಲ.

ಹಳೆಯ ಇಟ್ಟಿಗೆ ಕೊಳ್ಳುವ ನೆಪ ಮಾಡಿಕೊಂಡು ಹೋದೆ. ಮಾಳಿಗೆ ಇಳಿದಿತ್ತು, ಬೇವು ಇರಲಿಲ್ಲ, ಬಾವಿ ಮುಚ್ಚಿತ್ತು. ಹಿಂದಿನ ಗೋಡೆ ಬಿದ್ದು ಮೂಲೆ ಎಲ್ಲಿತ್ತು ಎಂಬ ಗುರುತೂ ಹೋಗಿತ್ತು. ಹಾಸು ಮಾತ್ರ ಹಾಗೇ ಇತ್ತು, ಪಾಚಿ ಕಟ್ಟಿ ಕಪ್ಪಾಗಿ, ಒಂದೂ ಕದಲದೆ. ಕೆಡವುವವರು ನಗುತ್ತ ನೋಡುತ್ತಿರಲು ನಾನು ಮೊಣಕಾಲೂರಿ, ಆ ಬದಿಯ ಎಲ್ಲವನ್ನೂ ಕೋಲಿನಿಂದ ಬಡಿಯುತ್ತ ಹೋದೆ. ಚಕ್ಕಡಿಯ ಲೋಡಿನಲ್ಲಿ ಒಂದು ಹಸಿ ಇಟ್ಟಿಗೆ ಇದ್ದರೆ ದಾರಿಯ ಮೇಲೆ ಹೋಗುವಾಗಲೇ ಹಿಡಿಯುವವಳು ನಾನು. ಮಧ್ಯಾಹ್ನವಾಯಿತು. ಎಲ್ಲವೂ ಠಣ್ ಎಂದವು.

ಮನೆಗೆ ಬಂದಾಗ ಅವ್ವ ಎಚ್ಚರವಾಗಿದ್ದಳು. "ಸಿಕ್ಕಿತೇನು?" ಎಂದಳು. ವ್ಯಾಪಾರದಲ್ಲಿ ಕಲಿತ ನಾಲಿಗೆ ನನ್ನದು, ತಡವರಿಸಲಿಲ್ಲ. "ಸಿಕ್ತವ್ವಾ. ಇನ್ನೂ ಸಡ್ಲ ಐತಿ. ಬಡದರ ಡಬ್ ಅಂತು," ಎಂದೆ. ಅವ್ವ ಹೊರಳಿ ನನ್ನ ಮುಖ ನೋಡಿದಳು. "ಅವತ್ತ ಹಿಂಗ ಸುಳ್ಳ ಹೇಳಾಕ ಬರಲಿಲ್ಲ ನಿನಗ," ಎಂದು ಮತ್ತೆ ಗೋಡೆಯ ಕಡೆ ಹೊರಳಿದಳು.

ಅವ್ವ ಹೋಗಿ ವರ್ಷಗಳಾದವು. ಆ ಓಣಿ, ಆ ಬೆಲ್ಲದ ವಾಸನೆ, ಇಮಾಮಸಾಬನ ಗಡ್ಡ, ಯಾವುದೂ ಇಲ್ಲ. ನನ್ನಲ್ಲಿ ಇಟ್ಟಿಗೆ ಕೊಳ್ಳಲು ಬಂದವರಿಗೆ ಅವರು ಕೇಳದಿದ್ದರೂ ಸಲಹೆ ಕೊಡುತ್ತೇನೆ. ಕೆಲವರು ಕೇಳುತ್ತಾರೆ, ಕೆಲವರು ಮುದುಕಿ ಗೊಣಗುತ್ತಾಳೆ ಎಂದು ಹೋಗುತ್ತಾರೆ. ಅಂಚು ಗಟ್ಟಿಯಾಗಿ ಕಟ್ಟಿಸಿ. ಇಳಿಜಾರು ಮನೆಯಿಂದ ಆಚೆಗೆ ಇರಲಿ. ಗೋಡೆಯ ಬದಿಗೆ, ಎತ್ತರದ ಕಡೆ, ಒಂದು ಇಟ್ಟಿಗೆಯನ್ನು ಬೆರಳು ತೂರುವಷ್ಟು ಸಡಿಲ ಬಿಡಿಸಿ. ತಿಳಿದ ಗೌಂಡಿಗಳು ನಗುತ್ತಾರೆ, ಯಾಕ್ರಿ ಅಜ್ಜಿ, ಅಲ್ಲೇನೈತಿ ಎನ್ನುತ್ತಾರೆ.

ಮಳೆ ನೀರು ಇಳಿಯಲಿಕ್ಕೆ ಎನ್ನುತ್ತೇನೆ.